ಗುಡ್ಡ ಅಲ್ಲೇ ಇದೆ, ಊರೆಲ್ಲಿ?

ಪ್ರೀತಿಯ ಗಿರೀಶ,

ನೀನು ಕಳಿಸಿದ ಫೋಟೋ ನೋಡಿದೆ. ಐಲನ್ ಡೊನನ್ ಕೋಟೆ, ಹಿಂದೆ ಗುಡ್ಡ, ಸುತ್ತ ನೀರು, ಸ್ವಲ್ಪ ಮಂಜು, ಒಂದು ನರಪಿಳ್ಳೆಯೂ ಇಲ್ಲ. ಕೆಳಗೆ ನಿನ್ನ ಪ್ರಶ್ನೆ: “ಸಾವಿರ ವರ್ಷದಿಂದ ಇದು ಹೀಗೇ ಇದೆಯಾ ಮಾರಾಯ? ಸ್ಕಾಟ್ಲೆಂಡಿನಲ್ಲಿ ಜನ ಇರೋದೇ ಇಲ್ವಾ?” ವಾಟ್ಸಾಪಿನಲ್ಲಿ ಎರಡು ಸಾಲು ಬರೆದರೆ ಮುಗಿಯುವ ಉತ್ತರ ಅಲ್ಲ ಇದು. ಬಿಡುವಾದಾಗ ಓದು ಅಂತ ಪತ್ರ ಬರೆಯುತ್ತಿದ್ದೇನೆ. ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ, ಬೇಜಾರು ಮಾಡ್ಕೋಬೇಡ.

ಮೊದಲು ಕೋಟೆಯ ವಿಷಯ. ನೀನು ನೋಡಿದ ಕೋಟೆಗೆ ಇನ್ನೂ ನೂರು ವರ್ಷ ತುಂಬಿಲ್ಲ. ಹಳೇ ಕೋಟೆ ಇತ್ತು, ನಿಜ. 1719ರಲ್ಲಿ ಬ್ರಿಟಿಷ್ ದೊರೆಯ ವಿರುದ್ಧ ದಂಗೆ ಎದ್ದವರ ಸಹಾಯಕ್ಕೆ ಬಂದ ಸ್ಪೇನಿನ ಸೈನಿಕರು ಅದರೊಳಗೆ ಕೂತಿದ್ದರು. ಬ್ರಿಟಿಷ್ ನೌಕಾಪಡೆಯ ಹಡಗುಗಳು ಬಂದು ಮೊದಲು ಗುಂಡು ಹೊಡೆದವು, ಆಮೇಲೆ ಮದ್ದಿಟ್ಟು ಉಡಾಯಿಸಿದವು. ಮುಂದೆ ಸುಮಾರು ಇನ್ನೂರು ವರ್ಷ ಅದು ಬರೀ ಪಾಳು. ವಿಕ್ಟೋರಿಯಾ ಕಾಲದ ಫೋಟೋದಲ್ಲಿ ನೋಡಿದರೆ ನಿನಗೆ ಗುರುತೇ ಹತ್ತುವುದಿಲ್ಲ. ಒಂದು ದಿಬ್ಬ, ಅದರ ಮೇಲೆ ಮುರಿದ ಗೋಡೆಯ ಎರಡು ತುಂಡು, ಹುಲ್ಲು, ಅಷ್ಟೇ. ಸೇತುವೆಯೂ ಇಲ್ಲ. 1911ರಲ್ಲಿ ಜಾನ್ ಮ್ಯಾಕ್ರೇ-ಗಿಲ್‌ಸ್ಟ್ರಾಪ್ ಅನ್ನುವವರು ಆ ದ್ವೀಪ ಕೊಂಡು ಇಪ್ಪತ್ತು ವರ್ಷ ಹಿಡಿದು ಕಟ್ಟಿಸಿದರು. ಕೆಲಸ ಮುಗಿದದ್ದು 1932ರಲ್ಲಿ. ಎಲ್ಲರೂ ಫೋಟೋ ತೆಗೆಯುವ ಆ ಕಮಾನಿನ ಸೇತುವೆಯೂ ಆಗಲೇ ಬಂದದ್ದು. 1998ರಲ್ಲಿ ಶಾರುಖ್-ಕಾಜೋಲ್ ಹಾಡೊಂದರಲ್ಲಿ ಕುಣಿದದ್ದು ಇಲ್ಲೇ. ಅವರು ಬರುವಾಗ ಈ ‘ಪುರಾತನ’ ಕೋಟೆಗೆ ಅರವತ್ತಾರು ವರ್ಷ.

ಇದನ್ನು ಹೇಳಿದ್ದು ಕೋಟೆ ಮೋಸ ಅಂತಲ್ಲ, ಚೆನ್ನಾಗಿಯೇ ಕಟ್ಟಿದ್ದಾರೆ. ಆದರೆ ಸ್ಕಾಟ್ಲೆಂಡಿನ ಹೊಸ ಫೋಟೋ ಒಂದರ ಪಕ್ಕ ಅದೇ ಜಾಗದ ಹಳೇ ಫೋಟೋ ಇಟ್ಟು ನೋಡಿದರೆ ನಾವು ‘ಅನಾದಿ ಕಾಲದ್ದು’ ಅಂದುಕೊಂಡದ್ದು ಹೆಚ್ಚಿನಂಶ ನಿನ್ನೆ ಮೊನ್ನೆಯದು ಅಂತ ಗೊತ್ತಾಗುತ್ತದೆ. ಗುಡ್ಡ ಬದಲಾಗಿಲ್ಲ. ಗುಡ್ಡದ ಮುಂದೆ ಇದ್ದದ್ದೆಲ್ಲ ಬದಲಾಗಿದೆ. ಈ ಹುಚ್ಚು ನನಗೆ ಎಡಿನ್‌ಬರಾಗೆ ಬಂದ ಮೇಲೆ ಹತ್ತಿದ್ದು, ಈಗ ಬಿಡುವ ಹಾಗೆ ಕಾಣುವುದಿಲ್ಲ.

ಎಡಿನ್‌ಬರಾದಲ್ಲಿ ಈ ಹುಚ್ಚು ಹತ್ತದೇ ಇರುವುದು ಕಷ್ಟ. ಫೋಟೋಗ್ರಫಿ ಹುಟ್ಟಿದ ನಾಲ್ಕೈದು ವರ್ಷಕ್ಕೇ ಇಲ್ಲಿ ಇಬ್ಬರು ಅದ್ಭುತ ಕೆಲಸ ಶುರು ಮಾಡಿದ್ದರು. ಡೇವಿಡ್ ಆಕ್ಟೇವಿಯಸ್ ಹಿಲ್ ಚಿತ್ರಕಾರ, ರಾಬರ್ಟ್ ಆಡಮ್ಸನ್ ಇಪ್ಪತ್ತು ದಾಟಿದ ಹುಡುಗ. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚ್ ಒಡೆದು 450ಕ್ಕೂ ಹೆಚ್ಚು ಪಾದ್ರಿಗಳು ಕೆಲಸ ಬಿಟ್ಟು ಹೊರಗೆ ನಡೆದರು. ಅವರೆಲ್ಲರನ್ನೂ ಒಂದೇ ದೊಡ್ಡ ಪೇಂಟಿಂಗಿನಲ್ಲಿ ಬರೆಯುತ್ತೇನೆ ಅಂತ ಹಿಲ್ ಹೊರಟ. ಅಷ್ಟು ಮುಖ ಬರೆಯುವುದು ಹೇಗೆ? ಫೋಟೋ ತೆಗೆದಿಟ್ಟುಕೊಂಡು ಬರೆದರಾಯಿತು ಅಂತ ಆಡಮ್ಸನ್ ಜೊತೆ ಸೇರಿದ. ಇಂಗ್ಲೆಂಡಿನಲ್ಲಿ ಟಾಲ್ಬಟ್ ಕಂಡುಹಿಡಿದ ಕ್ಯಾಲೋಟೈಪ್ ಅನ್ನುವ ಕಾಗದದ ನೆಗೆಟಿವ್ ವಿಧಾನಕ್ಕೆ ಪೇಟೆಂಟ್ ಇತ್ತು, ದುಡ್ಡು ಕೊಡಬೇಕಿತ್ತು. ಸ್ಕಾಟ್ಲೆಂಡಿಗೆ ಆ ಪೇಟೆಂಟ್ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಇಲ್ಲಿ ಯಾರು ಬೇಕಾದರೂ ಕೈ ಹಾಕಬಹುದಿತ್ತು. ನಾಲ್ಕೂವರೆ ವರ್ಷದಲ್ಲಿ ಇಬ್ಬರೂ ಸೇರಿ ಸುಮಾರು 3000 ಫೋಟೋ ತೆಗೆದರು. 1848ರ ಜನವರಿಯಲ್ಲಿ ಆಡಮ್ಸನ್ ತೀರಿಕೊಂಡ, ಆಗ ಅವನಿಗೆ ಬರೀ 26. ಆ ಪೇಂಟಿಂಗ್ ಮುಗಿದದ್ದು 1866ರಲ್ಲಿ. ನನ್ನನ್ನು ಕೇಳಿದರೆ ಪೇಂಟಿಂಗ್ ಬೋರು, ತಲೆಯ ಮೇಲೆ ತಲೆ. ಅದಕ್ಕೆ ಸಹಾಯವಾಗಲಿ ಅಂತ ತೆಗೆದ ಫೋಟೋಗಳೇ ಬಂಗಾರ.

ಅವುಗಳಲ್ಲಿ ನ್ಯೂಹೇವನ್ನಿನವು ನನಗೆ ಎಲ್ಲಕ್ಕಿಂತ ಇಷ್ಟ. ನ್ಯೂಹೇವನ್ ಅಂದರೆ ಎಡಿನ್‌ಬರಾ ಪಕ್ಕದ ಮೀನುಗಾರರ ಹಳ್ಳಿ, ಈಗ ಊರಿನೊಳಗೇ ಸೇರಿಹೋಗಿದೆ. ಹಿಲ್ ಮತ್ತು ಆಡಮ್ಸನ್ ಅಲ್ಲಿಗೆ ಹೋಗಿ ಮೀನು ಮಾರುವ ಹೆಂಗಸರನ್ನು, ದೋಣಿಗೆ ಒರಗಿ ನಿಂತ ಗಂಡಸರನ್ನು, ಮಕ್ಕಳನ್ನು ತೆಗೆದರು. ಎಲಿಜಬೆತ್ ಜಾನ್ಸ್ಟನ್ ಹಾಲ್ ಅನ್ನುವ ಹೆಂಗಸಿನ ಚಿತ್ರ ಹುಡುಕಿ ನೋಡು. ಪಟ್ಟೆಪಟ್ಟೆ ಲಂಗ, ಪಕ್ಕದಲ್ಲಿ ಹೆಣೆದ ಬುಟ್ಟಿ, ಕಣ್ಣು ಕೆಳಗೆ. ಮೇಲ್ನೋಟಕ್ಕೆ ನಾಚಿಕೆ ಅನಿಸುತ್ತದೆ. ಆದರೆ ಆಗ ಒಂದು ಫೋಟೋಗೆ ಹಲವು ಸೆಕೆಂಡು, ಕೆಲವೊಮ್ಮೆ ನಿಮಿಷಗಟ್ಟಲೆ, ಬಿಸಿಲಿನಲ್ಲಿ ಅಲುಗಾಡದೆ ನಿಲ್ಲಬೇಕಿತ್ತು. ಅಷ್ಟು ಹೊತ್ತು ಕಣ್ಣು ಪಿಳುಕಿಸದೆ ಕ್ಯಾಮೆರಾ ನೋಡಲು ಆಗುತ್ತದಾ? ಆ ಕಾಲದ ಫೋಟೋಗಳಲ್ಲಿ ಎಲ್ಲರೂ ಏನಕ್ಕಾದರೂ ಒರಗಿಕೊಂಡಿರುತ್ತಾರೆ, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿರುತ್ತಾರೆ. ಪ್ರೀತಿ ಇತ್ತೋ ಏನೋ, ಮೊದಲ ಕಾರಣ ಅಲುಗಾಡಬಾರದು ಅನ್ನುವುದು.

ಈಗ ಟ್ರಾಮ್ ಹತ್ತಿದರೆ ಕೊನೆಯ ಸ್ಟಾಪೇ ನ್ಯೂಹೇವನ್. 2023ರ ಜೂನಿನಲ್ಲಿ ಅಲ್ಲಿಯವರೆಗೆ ಟ್ರಾಮ್ ಬಂತು. ಬಂದರು ಇದೆ, ತುದಿಯಲ್ಲಿ ಬಿಳಿ ದೀಪಸ್ತಂಭ ಇದೆ, ಹಳೇ ಮೀನು ಮಾರುಕಟ್ಟೆಯ ಉದ್ದನೆ ಕಟ್ಟಡ ಇದೆ, ಅದರಲ್ಲಿ ಹೋಟೆಲಿದೆ. ಸಮುದ್ರ ಮುಚ್ಚಿ ಮಾಡಿದ ಜಾಗದಲ್ಲಿ ಫ್ಲಾಟುಗಳು ಎದ್ದಿವೆ. ಭಾನುವಾರ ಜನ ನಾಯಿ ಹಿಡಿದು, ಕೈಯಲ್ಲಿ ಕಾಫಿ ಹಿಡಿದು ಓಡಾಡುತ್ತಾರೆ. ನಾನೂ ಅವರಲ್ಲೊಬ್ಬ.

ನಿನಗೆ ಸ್ಟುಡಿಯೋ ಇರುವುದರಿಂದ ಇದು ರುಚಿಸಬಹುದು. ಇದೇ ಥರ ಕಾಗದದ ನೆಗೆಟಿವ್ ವಿಧಾನದಲ್ಲೇ 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಗ್ರೀನ್‌ಲಾ ನಮ್ಮ ಹಂಪಿಯ ಫೋಟೋ ತೆಗೆದದ್ದು. ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರ ಇನ್ನೂ ನಿಂತಿರುವ ಆ ಚಿತ್ರ ನೆನಪಿದೆ ಅಲ್ವಾ? 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ತೆಗೆದರು. ಆ ಜೋಡಿ ಫೋಟೋ ನೋಡಿದವನಿಗೆ ನಾನು ಇಲ್ಲಿ ಮಾಡುತ್ತಿರುವುದೇನು ಅಂತ ವಿವರಿಸಬೇಕಾಗಿಲ್ಲ.

ಹಳೇ ಫೋಟೋ ನೋಡುವಾಗ ಎರಡು ವಿಷಯ ಗಮನದಲ್ಲಿರಲಿ. ಒಂದು ಆಕಾಶ. ಸ್ಕಾಟ್ಲೆಂಡಿನಲ್ಲಿ ಮೋಡ ಇಲ್ಲದ ದಿನ ಸಿಕ್ಕರೆ ಪೇಪರಿನಲ್ಲಿ ಸುದ್ದಿ ಬರುತ್ತದೆ. ಆದರೆ 1860-70ರ ಫೋಟೋಗಳಲ್ಲಿ ಆಕಾಶ ತೊಳೆದಿಟ್ಟ ಹಾಗೆ ಬಿಳಿ. ಆಗಿನ ಗಾಜಿನ ಪ್ಲೇಟಿಗೆ ನೀಲಿ ಬಣ್ಣ ಒಂದೇ ಸರಿಯಾಗಿ ಹತ್ತುತ್ತಿತ್ತು, ಹಾಗಾಗಿ ಆಕಾಶ ಪೂರ್ತಿ ಸುಟ್ಟು ಬಿಳಿಯಾಗುತ್ತಿತ್ತು. ಮೋಡ ಬೇಕೇ ಬೇಕು ಅಂದರೆ ಬೇರೆ ದಿನ, ಬೇರೆ ಊರಿನಲ್ಲಿ ತೆಗೆದ ಮೋಡದ ನೆಗೆಟಿವ್ ತಂದು ಜೋಡಿಸುತ್ತಿದ್ದರು. ಫೋಟೋಶಾಪ್ ನಿನ್ನೆಯದಲ್ಲ! ಎರಡನೆಯದು ಖಾಲಿ ಬೀದಿ. ತುಂಬ ಹಳೇ ಫೋಟೋದಲ್ಲಿ ಬೀದಿ ಖಾಲಿ ಇದ್ದರೆ ಅಲ್ಲಿ ಜನ ಇರಲಿಲ್ಲ ಅಂತಲ್ಲ, ನಡೆದಾಡುತ್ತಿದ್ದವರು ಪ್ಲೇಟಿನ ಮೇಲೆ ದಾಖಲಾಗಲೇ ಇಲ್ಲ. ಅಬರ್ಡೀನಿನ ಜಾರ್ಜ್ ವಾಷಿಂಗ್ಟನ್ ವಿಲ್ಸನ್ ಹೆಸರು ಮಾಡಿದ ಕಾರಣಗಳಲ್ಲಿ ಇದೂ ಒಂದು. ಎಡಿನ್‌ಬರಾದ ಪ್ರಿನ್ಸಸ್ ಸ್ಟ್ರೀಟಿನಲ್ಲಿ ನಡೆಯುವ ಜನ, ಓಡುವ ಗಾಡಿ ನಿಂತ ಹಾಗೆ ಕಾಣುವಂತೆ ಅವನು ಆ ಕಾಲಕ್ಕೇ ತೆಗೆದು ತೋರಿಸಿದ್ದ.

ವಿಲ್ಸನ್ ಮತ್ತು ಡಂಡೀಯ ವ್ಯಾಲೆಂಟೈನ್ ಕಂಪನಿ, ಈ ಇಬ್ಬರೇ ಸೇರಿ ಸ್ಕಾಟ್ಲೆಂಡ್ ಹೇಗಿರಬೇಕು ಅಂತ ತೀರ್ಮಾನ ಮಾಡಿದರು ಅಂದರೂ ನಡೆಯುತ್ತದೆ. ವಿಕ್ಟೋರಿಯಾ ರಾಣಿ ಬಾಲ್ಮೋರಲ್ಲಿನಲ್ಲಿ ಮನೆ ಮಾಡಿದ ಮೇಲೆ ಇಂಗ್ಲೆಂಡಿನ ಸಾಹುಕಾರರಿಗೆಲ್ಲ ಹೈಲ್ಯಾಂಡ್ಸ್ ಅನ್ನುವ ಉತ್ತರದ ಗುಡ್ಡಗಾಡಿನ ಹುಚ್ಚು. ರೈಲು ಓಬನ್‌ಗೆ 1880ರಲ್ಲಿ ಬಂತು, ಕೈಲ್‌ಗೆ 1897ರಲ್ಲಿ, ಮ್ಯಾಲೆಗ್‌ಗೆ 1901ರಲ್ಲಿ. ಬಂದವರಿಗೆ ಮನೆಗೆ ಒಯ್ಯಲು ಚಿತ್ರ ಬೇಕು. ಇವರು ಮಾರಿದರು. ಹಳೇ ಫೋಟೋದ ಮೂಲೆಯಲ್ಲಿ ಜಿ.ಡಬ್ಲ್ಯು.ಡಬ್ಲ್ಯು. ಅಂತಲೋ ಜೆ.ವಿ. ಅಂತಲೋ ಇದ್ದರೆ ಅದು ಇವರ ಸರಕು. ವಿಲ್ಸನ್ ಕಂಪನಿಯ ಗಾಜಿನ ಪ್ಲೇಟುಗಳು ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿವೆ, 37 ಸಾವಿರಕ್ಕೂ ಹೆಚ್ಚು. ವ್ಯಾಲೆಂಟೈನ್ ಸಂಗ್ರಹ ಸೇಂಟ್ ಆಂಡ್ರ್ಯೂಸಿನಲ್ಲಿ. ಎರಡನ್ನೂ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ನೋಡಬಹುದು, ರಾತ್ರಿ ಶುರು ಮಾಡಬೇಡ, ನಿದ್ದೆ ಹೋಗುತ್ತದೆ. ನೋಡುತ್ತ ಹೋದ ಹಾಗೆ ನನಗೆ ಅನಿಸಿದ್ದು, ಎಲ್ಲಿ ರೈಲು ನಿಲ್ಲುತ್ತಿತ್ತೋ, ಎಲ್ಲಿ ಹಡಗು ಕಟ್ಟೆಗೆ ತಾಗುತ್ತಿತ್ತೋ ಅಲ್ಲೆಲ್ಲ ಫೋಟೋ ಜಾಸ್ತಿ. ಮಾರಾಟವಾಗುವ ಜಲಪಾತ, ಮಾರಾಟವಾಗುವ ಸರೋವರ, ಮಾರಾಟವಾಗುವ ಪಾಳು ಕೋಟೆ. ಈಗಿನ ಇನ್‌ಸ್ಟಾಗ್ರಾಮಿನವರೂ ಹೆಚ್ಚುಕಡಿಮೆ ಅದೇ ಬಂಡೆಗಳ ಮೇಲೆ ನಿಲ್ಲುತ್ತಾರೆ.

ಇನ್ನು ನಿನ್ನ ಜನದ ಪ್ರಶ್ನೆ. ಹೈಲ್ಯಾಂಡ್ಸಿನ ಕಣಿವೆಗಳು ಖಾಲಿ ಇರುವುದು ನಿಜ. ಆದರೆ ಅದು ದೇವರು ಮಾಡಿದ ಖಾಲಿ ಅಲ್ಲ, ಜಮೀನ್ದಾರರು ಮಾಡಿದ ಖಾಲಿ. ಉತ್ತರದಲ್ಲಿ ಸ್ಟ್ರಾತ್‌ನೇವರ್ ಅಂತ ಕಣಿವೆ ಇದೆ. ಹೊಳೆ, ಹಸಿರು, ಒಳ್ಳೆ ಮಣ್ಣು. 1814ರಲ್ಲಿ, ಮತ್ತೆ 1819ರಲ್ಲಿ ಸದರ್ಲೆಂಡ್ ಎಸ್ಟೇಟಿನವರು ಅಲ್ಲಿದ್ದ ಒಕ್ಕಲುಗಳನ್ನೆಲ್ಲ ಎಬ್ಬಿಸಿದರು. ಮಾಡಿನ ಮರಗಳಿಗೆ ಬೆಂಕಿ ಹಾಕಿದರು, ಮತ್ತೆ ಬಂದು ಸೇರಬಾರದು ಅಂತ. ಕಾರಣ ಕುರಿ. ಒಕ್ಕಲಿನ ಗೇಣಿಗಿಂತ ಕುರಿ ಮಂದೆಗೆ ಜಾಗ ಕೊಟ್ಟರೆ ಜಾಸ್ತಿ ಬರುತ್ತಿತ್ತು. ಜನರನ್ನು ಸಮುದ್ರದ ಅಂಚಿಗೆ ತಳ್ಳಿ ಮೀನು ಹಿಡಿದು ಬದುಕಿಕೊಳ್ಳಿ ಅಂದರು, ತುಂಬ ಜನ ಕೆನಡಾಕ್ಕೆ ಹಡಗು ಹತ್ತಿದರು. ಸ್ಕೈ ದ್ವೀಪದಲ್ಲಿ ಬೊರೆರೇಗ್, ಸುಯಿಶ್ನಿಶ್ ಅನ್ನುವ ಎರಡು ಹಳ್ಳಿ 1853ರಲ್ಲಿ ಹೋದವು. ಆ ದ್ವೀಪದಲ್ಲಿ 1841ರಲ್ಲಿ 23 ಸಾವಿರ ಜನ ಇದ್ದರು. 1971ರ ಹೊತ್ತಿಗೆ ಏಳೂವರೆ ಸಾವಿರವೂ ಇರಲಿಲ್ಲ. ಈಗ ಮತ್ತೆ ಹತ್ತು ಸಾವಿರದ ಹತ್ತಿರ ಬಂದಿದೆ.

ಇಲ್ಲೊಂದು ವಿಚಿತ್ರ ನೋಡು. ಕ್ಯಾಮೆರಾ ಬಂದದ್ದು 1839-40ರಲ್ಲಿ. ಸ್ಟ್ರಾತ್‌ನೇವರ್ ಖಾಲಿಯಾದದ್ದು ಅದಕ್ಕೂ ಇಪ್ಪತ್ತು ವರ್ಷ ಮೊದಲು. ಅಂದರೆ ಆ ಕಣಿವೆಯ ಎಂಥ ಹಳೇ ಫೋಟೋ ತೆಗೆದು ನೋಡಿದರೂ ಅದು ಆಗಲೇ ಖಾಲಿ! ಫೋಟೋ ತೆಗೆದವನು ಬಂದು ನಿಂತಾಗ ಗೋಡೆಗಳ ಮೇಲೆ ಹುಲ್ಲು ಬೆಳೆದಾಗಿತ್ತು. ಅವನಿಗೂ ಇದು ‘ಕಾಡು ಸೌಂದರ್ಯ’ ಅನಿಸಿತು, ಕೊಂಡವರಿಗೂ ಅನಿಸಿತು, ಅದೇ ಚಿತ್ರ ಕ್ಯಾಲೆಂಡರಿಗೆ ಬಂತು, ಬಿಸ್ಕತ್ ಡಬ್ಬದ ಮುಚ್ಚಳಕ್ಕೆ ಬಂತು, ಕೊನೆಗೆ ನಿನ್ನ ಫೋನಿಗೂ ಬಂತು. ಮನೆ ಇದ್ದ ಕಾಲದ ಒಂದೇ ಒಂದು ಫೋಟೋ ಇಲ್ಲ ಅನ್ನುವುದಕ್ಕಾಗಿ ಮನೆಯೇ ಇರಲಿಲ್ಲ ಅಂತಾಯಿತು.

ಇಂಥ ಕಡೆ ಹೊಸ ಫೋಟೋನೇ ಗೆಲ್ಲುತ್ತದೆ. ಡ್ರೋನ್ ಅಂದರೆ ನನಗೆ ಅಷ್ಟಕ್ಕಷ್ಟೇ, ಆದರೆ ಚಳಿಗಾಲದ ಓರೆ ಬಿಸಿಲಿನಲ್ಲಿ ಮೇಲಿಂದ ತೆಗೆದ ಚಿತ್ರ ನೋಡಿದರೆ ಬಾಯಿ ಮುಚ್ಚಬೇಕಾಗುತ್ತದೆ. ಹಸಿರು ಇಳಿಜಾರಿನ ಮೇಲೆ ಸಾಲುಸಾಲು ಗೆರೆ. ಅದೆಲ್ಲ ಹಳೇ ಗದ್ದೆಯ ಏರಿಗಳು, ಗುದ್ದಲಿಯಿಂದ ಮಣ್ಣು ಎತ್ತಿ ಓಟ್ಸ್, ಆಲೂಗಡ್ಡೆ ಬೆಳೆದದ್ದು. ಪಕ್ಕದಲ್ಲಿ ಉದ್ದುದ್ದ ಮನೆಗಳ ಅಡಿಪಾಯ. ಸ್ಟ್ರಾತ್‌ನೇವರ್‌ನ ರೋಸಲ್ ಅನ್ನುವ ಹಳ್ಳಿಯನ್ನು 1962ರಲ್ಲಿ ಅಗೆದು ನೋಡಿದರು. ನೆಲದ ಮೇಲೆ ನಿಂತರೆ ಬರೀ ಕಲ್ಲುಗುಡ್ಡೆ, ಮೇಲಿನಿಂದ ನೋಡಿದರೆ ಊರು. ಇದರ ಜೊತೆ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು ಹಳೇ ಸರ್ವೆ ನಕ್ಷೆಗಳನ್ನು ಈಗಿನ ಉಪಗ್ರಹ ಚಿತ್ರದ ಪಕ್ಕದಲ್ಲೇ ಇಟ್ಟು ತೋರಿಸುವ ವ್ಯವಸ್ಥೆ ಮಾಡಿದ್ದಾರೆ. ಒಂದರ ಮೇಲೆ ಬೆರಳಿಟ್ಟರೆ ಇನ್ನೊಂದರಲ್ಲೂ ಅದೇ ಜಾಗ. ಸುಮ್ನೆ ಒಂದು ಹಳ್ಳಿ ಹಿಡಿದು ನೋಡು.

ಕಣಿವೆಯಿಂದ ತಳ್ಳಿದ ಜನ ಎಲ್ಲಿ ಹೋದರು ಅಂತ ನೋಡಬೇಕಾದರೆ ಕರಾವಳಿಯ ಫೋಟೋ ತೆಗಿ. ವಿಕ್ ಅನ್ನುವ ಊರು, ಈಶಾನ್ಯದ ತುದಿಯಲ್ಲಿ. ಅಲ್ಲಿ ಜಾನ್ಸ್ಟನ್ ಅನ್ನುವ ಮನೆತನ ಮೂರು ತಲೆಮಾರು, 1863ರಿಂದ 1975ರವರೆಗೆ, ಸ್ಟುಡಿಯೋ ನಡೆಸಿತು. ಅವರು ತೆಗೆದದ್ದರಲ್ಲಿ ಸುಮಾರು 50 ಸಾವಿರ ನೆಗೆಟಿವ್ ಉಳಿದಿವೆ, ಊರಿನ ಸಂಘದವರೇ ಜೋಪಾನವಾಗಿ ಇಟ್ಟಿದ್ದಾರೆ. ಸ್ಟುಡಿಯೋದವನು ನೀನು, ನಿನಗೆ ಹೊಟ್ಟೆ ಉರಿಯಲಿ ಅಂತಲೇ ಹೇಳುತ್ತಿದ್ದೇನೆ. ಬಂದರಿನ ಫೋಟೋ ನೋಡಿದರೆ ನೀರು ಕಾಣುವುದಿಲ್ಲ. ಬರೀ ದೋಣಿ, ಪಟಗಂಬ, ಮತ್ತೆ ದೋಣಿ. ಹೆರಿಂಗ್ ಮೀನಿನ ಸುಗ್ಗಿಯಲ್ಲಿ ಅಲ್ಲಿ ಸಾವಿರಕ್ಕೂ ಹೆಚ್ಚು ದೋಣಿ ಸೇರುತ್ತಿದ್ದ ಕಾಲ ಇತ್ತು. ಒಂದು ದಡದಿಂದ ಇನ್ನೊಂದು ದಡಕ್ಕೆ ದೋಣಿಯಿಂದ ದೋಣಿಗೆ ಕಾಲಿಟ್ಟೇ ದಾಟಬಹುದಿತ್ತು ಅನ್ನುತ್ತಾರೆ, ಫೋಟೋ ನೋಡಿದರೆ ನಂಬಿಕೆ ಬರುತ್ತದೆ.

ನಾನು ಜಾಸ್ತಿ ಹೊತ್ತು ನೋಡುವುದು ಹೆಂಗಸರ ಫೋಟೋಗಳನ್ನು. ಕಟ್ಟೆಯ ಮೇಲೆ ಉದ್ದನೆ ಮರದ ತೊಟ್ಟಿ, ಅದರ ತುಂಬ ಮೀನು, ಎದುರು ಸಾಲಾಗಿ ಹುಡುಗಿಯರು. ಮೂವರದ್ದು ಒಂದು ತಂಡ. ಇಬ್ಬರು ಮೀನಿನ ಹೊಟ್ಟೆ ಸೀಳಿ ಕರುಳು ತೆಗೆದು ಗಾತ್ರ ನೋಡಿ ಬೇರೆಬೇರೆ ಬುಟ್ಟಿಗೆ ಹಾಕುವುದು, ಮೂರನೆಯವಳು ಪೀಪಾಯಿಯಲ್ಲಿ ಉಪ್ಪು ಹಾಕಿ ಒಂದರ ಪಕ್ಕ ಒಂದು ಜೋಡಿಸುವುದು. ಪೀಪಾಯಿ ಆಳ, ತಳದ ಸಾಲು ಜೋಡಿಸುವಾಗ ಅವಳು ಅರ್ಧ ಒಳಗೇ ಇರುತ್ತಿದ್ದಳು, ಹಾಗಾಗಿ ಎತ್ತರದವಳನ್ನೇ ಆರಿಸುತ್ತಿದ್ದರು. ಫೋಟೋ ದೊಡ್ಡದು ಮಾಡಿ ಬೆರಳುಗಳನ್ನು ನೋಡು. ಒಂದೊಂದು ಬೆರಳಿಗೂ ಬಟ್ಟೆಯ ಚೂರು ಸುತ್ತಿ ದಾರ ಕಟ್ಟಿರುತ್ತಾರೆ. ಚಾಕು ಅಷ್ಟು ಹರಿತ, ಗಾಯದೊಳಗೆ ಉಪ್ಪು ಹೋದರೆ ಹುಣ್ಣು. ಆ ಬೆರಳುಗಳಲ್ಲೇ ಬಿಡುವಿನಲ್ಲಿ ಉಣ್ಣೆ ಹೆಣೆಯುತ್ತಿದ್ದರು, ನಡೆಯುತ್ತ ಹೆಣೆಯುವ ಹುಡುಗಿಯರ ಫೋಟೋ ಎಷ್ಟೋ ಇವೆ. ಮೀನು ಹೋದ ಕಡೆ ಇವರೂ ಹೋಗುತ್ತಿದ್ದರು, ಬೇಸಿಗೆಯಲ್ಲಿ ಶೆಟ್ಲೆಂಡ್, ಚಳಿ ಬರುವ ಹೊತ್ತಿಗೆ ಇಂಗ್ಲೆಂಡಿನ ಗ್ರೇಟ್ ಯಾರ್ಮತ್. 1907ರ ವರ್ಷ ಒಂದರಲ್ಲೇ 25 ಲಕ್ಷ ಪೀಪಾಯಿ ಉಪ್ಪುಮೀನು ತಯಾರಾಯಿತು. ಕೊಳ್ಳುತ್ತಿದ್ದವರು ಜರ್ಮನಿ, ರಷ್ಯಾದವರು. 1914ರಲ್ಲಿ ಯುದ್ಧ ಬಂತು, ಆ ಗಿರಾಕಿಗಳು ಹೋದರು, ಮತ್ತೆ ಆ ವ್ಯಾಪಾರ ಹಳೇ ಮಟ್ಟಕ್ಕೆ ಏಳಲೇ ಇಲ್ಲ.

ಈಗಿನ ವಿಕ್ ಬಂದರಿನ ಫೋಟೋದಲ್ಲಿ ನೀರು ಚೆನ್ನಾಗಿ ಕಾಣುತ್ತದೆ. ಕೆಲವು ಪಟದ ದೋಣಿ, ಹವ್ಯಾಸಿಗಳದ್ದು. ಇನ್ನೊಂದು ಕಡೆ ಸಮುದ್ರದೊಳಗಿನ ಬೀಟ್ರಿಸ್ ಗಾಳಿಯಂತ್ರಗಳಿಗೆ ರಿಪೇರಿಯವರನ್ನು ಒಯ್ಯುವ ದೋಣಿಗಳು. ಅವರ ಆಫೀಸು ಇರುವುದು ಹೆರಿಂಗ್ ಕಾಲದ ಕಲ್ಲಿನ ಕಟ್ಟಡದಲ್ಲೇ, ರಿಪೇರಿ ಮಾಡಿ ಉಪಯೋಗಿಸುತ್ತಿದ್ದಾರೆ. ಇದನ್ನು ಯಾಕೋ ಯಾರೂ ವಾಲ್‌ಪೇಪರ್ ಮಾಡುವುದಿಲ್ಲ. ನನಗಂತೂ ಕೋಟೆಗಿಂತ ಇದೇ ಇಷ್ಟ.

ಪಶ್ಚಿಮದ ದ್ವೀಪಗಳ ಕಡೆ ಬಾ. ಲೂಯಿಸ್ ದ್ವೀಪದ ಊರು ಸ್ಟೊರ್ನೊವೇ, ನಮ್ಮ ಕರ್ನಲ್ ಕಾಲಿನ್ ಮೆಕೆಂಜಿ ಹುಟ್ಟಿದ್ದು ಅಲ್ಲೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನೆಲ್ಲ ಅಳೆಸಿದವನು, ಊರೂರಿನ ಕೈಫಿಯತ್ತು ಬರೆಸಿದವನು. ಅವನು 1821ರಲ್ಲಿ ಕಲ್ಕತ್ತೆಯಲ್ಲಿ ಸತ್ತ, ಕ್ಯಾಮೆರಾ ಅವನ ಕಾಲಕ್ಕೆ ಬರಲಿಲ್ಲ. ನಮ್ಮ ಹಳ್ಳಿಗಳ ಗುಡಿ, ಕೆರೆ, ಶಾಸನ ಎಲ್ಲ ಬರೆಸಿಟ್ಟ ಮನುಷ್ಯನ ಊರಿನ ಸುತ್ತ ಆಗ ಹೇಗಿತ್ತು ಅಂತ ನೋಡಲು ನಮಗೆ ಫೋಟೋ ಇಲ್ಲ. ಇರುವುದು ಆಮೇಲಿನವು. ಅದರಲ್ಲಿ ಕಾಣುವ ಮನೆ ದಪ್ಪ ಕಲ್ಲಿನ ಗೋಡೆಯ ಗಿಡ್ಡ ಮನೆ, ಮೇಲೆ ಹುಲ್ಲು, ಗಾಳಿಗೆ ಹಾರದಿರಲಿ ಅಂತ ಹಗ್ಗ ಎಳೆದು ತುದಿಗೆ ಕಲ್ಲು ಕಟ್ಟಿರುತ್ತಾರೆ. ಚಿಮಣಿ ಇಲ್ಲ. ನಡುಮನೆಯಲ್ಲೇ ಪೀಟ್ ಅನ್ನುವ ಕೊಳೆತ ಗಿಡಗಳ ಮಣ್ಣಿನ ಗಟ್ಟಿ ಉರಿಯುತ್ತಿರುತ್ತದೆ, ಹೊಗೆ ಹುಲ್ಲಿನ ಸಂದಿಯಿಂದಲೇ ಹೊರಗೆ. ದನಗಳೂ ಅದೇ ಮಾಡಿನ ಕೆಳಗೆ. ಆರ್ನಲ್ ಅನ್ನುವ ಹಳ್ಳಿಯಲ್ಲಿ ಇಂಥದ್ದೊಂದರಲ್ಲಿ 1966ರವರೆಗೂ ಜನ ಇದ್ದರು, ಈಗ ಮ್ಯೂಸಿಯಂ, ಒಳಗೆ ಪೀಟ್ ಬೆಂಕಿ ಇರುತ್ತದೆ. ಗಿಯರಾನನ್ ಅನ್ನುವ ಹಳ್ಳಿಯನ್ನು 1974ರಲ್ಲಿ ಬಿಟ್ಟರು. ಈಗ ಅದೇ ಮನೆಗಳನ್ನು ಸರಿ ಮಾಡಿ ಬಾಡಿಗೆಗೆ ಕೊಡುತ್ತಾರೆ, ಹೀಟರ್, ಬಿಸಿನೀರು ಎಲ್ಲ ಇದೆ. ಹೊರಗಿಂದ ತೆಗೆದರೆ ಹಳೇ ಫೋಟೋಗೂ ಹೊಸದಕ್ಕೂ ಒಂದೇ ವ್ಯತ್ಯಾಸ, ಹೊಸದರಲ್ಲಿ ಹೊಗೆ ಇಲ್ಲ.

ಹಾಗಂತ ಹಳೇದೆಲ್ಲ ಚೆನ್ನಾಗಿತ್ತು ಅಂತ ನಾನು ಹಾಡುವವನಲ್ಲ. ಆ ಫೋಟೋಗಳಲ್ಲಿ ಮಕ್ಕಳ ಕಾಲಿಗೆ ಚಪ್ಪಲಿ ಇರುವುದಿಲ್ಲ. ಹೆಂಗಸರ ಬೆನ್ನ ಮೇಲೆ ಯಾವಾಗಲೂ ಏನಾದರೊಂದು ಹೊರೆ, ಪೀಟೋ ಕಡಲಪಾಚಿಯೋ. ಸೇಂಟ್ ಕಿಲ್ಡಾ ದ್ವೀಪದ ಕಥೆ ಗೊತ್ತಿರಬೇಕು ನಿನಗೆ. ಪಶ್ಚಿಮ ದ್ವೀಪಗಳಿಂದಲೂ ಸುಮಾರು 64 ಕಿಲೋಮೀಟರ್ ಆಚೆ, ಅಟ್ಲಾಂಟಿಕ್ ನಡುವೆ. ಕಡಲಹಕ್ಕಿ ಹಿಡಿದು, ಅದರ ಮೊಟ್ಟೆ, ಮಾಂಸ, ಎಣ್ಣೆ, ಗರಿಯಲ್ಲಿ ಬದುಕಿದ ಜನ. 1880ರ ದಶಕದ ಒಂದು ಪ್ರಸಿದ್ಧ ಫೋಟೋ ಇದೆ, ಊರಿನ ಒಂದೇ ಬೀದಿಯಲ್ಲಿ ಗಂಡಸರೆಲ್ಲ ಎರಡು ಸಾಲಾಗಿ ನಿಂತದ್ದು, ಗಡ್ಡ, ಟೋಪಿ. ದಿನಾ ಬೆಳಿಗ್ಗೆ ಹೀಗೆ ಸೇರಿ ಇವತ್ತು ಏನು ಕೆಲಸ ಅಂತ ಮಾತಾಡುತ್ತಿದ್ದರಂತೆ, ಹೊರಗಿನವರು ಅದಕ್ಕೆ ಪಾರ್ಲಿಮೆಂಟು ಅಂತ ಹೆಸರಿಟ್ಟರು. ಪ್ರವಾಸಿ ಹಡಗು 1877ರಿಂದಲೇ ಬರುತ್ತಿತ್ತು, ಇವರು ಬಟ್ಟೆ, ಮೊಟ್ಟೆ ಮಾರುತ್ತಿದ್ದರು. ಯುವಕರು ಒಬ್ಬೊಬ್ಬರೇ ಹೊರಟುಹೋದ ಮೇಲೆ ದೋಣಿ ನಡೆಸಲೂ ಜನ ಸಾಲದಾಯಿತು. ಕೊನೆಗೆ ಉಳಿದವರೇ ಅರ್ಜಿ ಬರೆದು ನಮ್ಮನ್ನು ಕರೆದುಕೊಂಡು ಹೋಗಿ ಅಂದರು. 1930ರ ಆಗಸ್ಟ್ 29, 36 ಜನ. ಹೋಗುವಾಗ ಪ್ರತಿ ಮನೆಯಲ್ಲೂ ಬೈಬಲ್ ತೆರೆದಿಟ್ಟು, ಪಕ್ಕದಲ್ಲಿ ಒಂದಿಷ್ಟು ಓಟ್ಸ್ ಇಟ್ಟು ಹೊರಟರು.

ಅದೇ ಬೀದಿಯ ಈಗಿನ ಫೋಟೋ ಬೇಕಾದಷ್ಟಿವೆ. ಮಾಡಿಲ್ಲದ ಗೋಡೆಗಳು, ಹಿಂದೆ ಗುಡ್ಡ, ಕುರಿ. ಅಲ್ಲೇ 1957ರಿಂದ ಒಂದು ಮಿಲಿಟರಿ ರಾಡಾರ್ ನೆಲೆ ಇದೆ, ಸೌತ್ ಯೂಇಸ್ಟ್ ದ್ವೀಪದಿಂದ ಹಾರಿಸುವ ಕ್ಷಿಪಣಿ ಗಮನಿಸಲು. ಕ್ಯಾಲೆಂಡರಿನ ಫೋಟೋದಲ್ಲಿ ಅದು ಯಾವತ್ತಾದರೂ ಕಂಡದ್ದುಂಟಾ? ಒಂದು ಹೆಜ್ಜೆ ಎಡಕ್ಕೆ ನಿಂತು ಬಿಟ್ಟುಬಿಡುತ್ತಾರೆ.

ನಾನೇ ಅದೇ ಜಾಗದಲ್ಲಿ ನಿಂತು ತೆಗೆಯಲು ಹೋದಾಗ ಆಗುವ ಫಜೀತಿ ಏನು ಗೊತ್ತಾ? ಮರ. ನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನಲ್ಲಿ ಕಾಡು ನೂರಕ್ಕೆ 5ರಷ್ಟಿತ್ತು, ಈಗ 19ರ ಹತ್ತಿರ. ಮೊದಲ ಮಹಾಯುದ್ಧದಲ್ಲಿ ಮರಕ್ಕೆ ಪರದಾಡಿ 1919ರಲ್ಲಿ ಅರಣ್ಯ ಆಯೋಗ ಮಾಡಿದರು, ಅವರು ಉತ್ತರ ಅಮೆರಿಕದಿಂದ ತಂದ ಸಿಟ್ಕಾ ಸ್ಪ್ರೂಸ್ ಗುಡ್ಡಗಟ್ಟಲೆ ನೆಟ್ಟರು. ಹಳೇ ಫೋಟೋದಲ್ಲಿ ಬೋಳು ಗುಡ್ಡ, ಸರೋವರ, ಹಳ್ಳಿ ಎಲ್ಲ ಒಟ್ಟಿಗೆ ಕಾಣುವ ದಿಬ್ಬ ಹುಡುಕಿ ಹತ್ತಿದರೆ ಕಣ್ಣೆದುರು ಬರೀ ಕಂಬದ ಹಾಗೆ ನಿಂತ ಸ್ಪ್ರೂಸ್. ಕೆಲವು ಕಡೆ ನೀರೂ ಬದಲಾಗಿದೆ. ಟಮ್ಮೆಲ್ ಸರೋವರದ ಮೇಲೆ ಕ್ವೀನ್ಸ್ ವ್ಯೂ ಅಂತ ಜಾಗ, ವಿಕ್ಟೋರಿಯಾ ರಾಣಿ 1866ರಲ್ಲಿ ಅಲ್ಲಿ ಬಂದು ನಿಂತಿದ್ದಳು. ಅವಳು ಕಂಡ ಸರೋವರ ಈಗಿನದಕ್ಕಿಂತ ಎಷ್ಟೋ ಚಿಕ್ಕದು, ಅಂಚಿನಲ್ಲಿ ಹೊಲ ಇತ್ತು. 1950ರಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದ ಮೇಲೆ ನೀರು ಏರಿತು. ಲಿಂಗನಮಕ್ಕಿಯ ದಡದಲ್ಲಿ ಬೆಳೆದ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ಫೋಟೋಗಳಲ್ಲಿ ನನಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ಸುಂದರವಾದವಲ್ಲ. ಜಿಯೋಗ್ರಾಫ್ ಅಂತ ಒಂದು ಯೋಜನೆ 2005ರಲ್ಲಿ ಶುರುವಾಯಿತು. ಬ್ರಿಟನ್, ಐರ್ಲೆಂಡ್ ಪೂರ್ತಿಯನ್ನು ಒಂದೊಂದು ಕಿಲೋಮೀಟರ್ ಚೌಕ ಮಾಡಿ, ಪ್ರತಿ ಚೌಕದ ಫೋಟೋ ಯಾರು ಬೇಕಾದರೂ ಹಾಕಬಹುದು. ಅಲ್ಲಿ ಬಸ್ ಸ್ಟಾಪು, ಮುರಿದ ಗೇಟು, ಚರಂಡಿ, ಮುಚ್ಚಿದ ಶಾಲೆ, ಸಗಣಿ ಗುಂಡಿ ಎಲ್ಲ ಇದೆ. ನೂರು ವರ್ಷದ ಮೇಲೆ ಯಾರಾದರೂ ನಮ್ಮ ಕಾಲ ನೋಡಬೇಕು ಅಂದರೆ ಗ್ಲೆನ್‌ಫಿನ್ನನ್ ಸೇತುವೆ ಮೇಲೆ ಹೊಗೆ ಬಿಡುವ ರೈಲಿನ ಲಕ್ಷ ಫೋಟೋ ಬೇಡ, ಈ ಚರಂಡಿ ಸಾಕು. ಹಳ್ಳಿಯ ಕೆಂಪು ಟೆಲಿಫೋನ್ ಪೆಟ್ಟಿಗೆಯೊಳಗೆ ಫೋನ್ ಹೋಗಿ ಹೃದಯಾಘಾತಕ್ಕೆ ಶಾಕ್ ಕೊಡುವ ಯಂತ್ರ ಬಂದದ್ದು ನನಗೆ ಮೊದಲು ಗೊತ್ತಾದದ್ದು ಇಂಥ ಫೋಟೋಗಳಿಂದಲೇ. ಇನ್ನೊಂದು ಸಣ್ಣ ವಸ್ತು ಹೇಳುತ್ತೇನೆ. ಕ್ರೇಲ್, ಪ್ಲಾಕ್ಟನ್ ಥರದ ಚಂದದ ಹಳ್ಳಿಗಳ ಈಚಿನ ಫೋಟೋ ದೊಡ್ಡದು ಮಾಡಿ ಬಾಗಿಲ ಪಕ್ಕ ನೋಡು. ಗೋಡೆಗೆ ಅಂಗೈ ಅಗಲದ ಒಂದು ಕಪ್ಪು ಪೆಟ್ಟಿಗೆ, ನಂಬರ್ ಒತ್ತಿದರೆ ತೆರೆಯುವಂಥದ್ದು. ಒಳಗೆ ಬೀಗದ ಕೈ. ಅಂದರೆ ಆ ಮನೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಹೋಗುತ್ತದೆ, ಮನೆಯವರು ಅಲ್ಲಿಲ್ಲ. ಮನೆಗೆ ಹೊಸ ಸುಣ್ಣ, ಕಿಟಕಿಯಲ್ಲಿ ಹೂವು, ಚಳಿಗಾಲದ ರಾತ್ರಿ ಆ ಸಾಲಿನಲ್ಲಿ ಎಷ್ಟೋ ಮನೆಗೆ ದೀಪ ಇಲ್ಲ. ಊರಿನ ಹುಡುಗರಿಗೆ ಅಲ್ಲಿ ಮನೆ ಕೊಳ್ಳುವ ತಾಕತ್ತು ಇಲ್ಲ. ಒಂದು ಕಾಲದಲ್ಲಿ ಕುರಿ ಮಾಡಿದ ಕೆಲಸ ಈಗ ಈ ಪೆಟ್ಟಿಗೆ ಮಾಡುತ್ತಿದೆ ಅಂತ ನನಗೆ ಒಮ್ಮೊಮ್ಮೆ ಅನಿಸುತ್ತದೆ, ಜಾಸ್ತಿ ಆಯಿತು ಅಂದರೆ ಬೈಯಿ.

ಬರುವುದಾದರೆ ಮೇ ತಿಂಗಳಲ್ಲಿ ಬಾ. ರಾತ್ರಿ ಒಂಬತ್ತರವರೆಗೆ ಬೆಳಕು ಇರುತ್ತದೆ. ಜೂನ್ ದಾಟಿದರೆ ಪಶ್ಚಿಮದ ಕಡೆ ಮಿಜ್ ಅನ್ನುವ ಸಣ್ಣ ನೊರಜಿನ ಕಾಟ, ಟ್ರೈಪಾಡ್ ಹಾಕಿ ನಿಲ್ಲಲು ಬಿಡುವುದಿಲ್ಲ. ಹಳೇ ಫೋಟೋದ ಪ್ರಿಂಟ್ ತೆಗೆದುಕೊಂಡು ಹೋಗೋಣ, ಫೋನಿನ ಪರದೆ ಬಿಸಿಲಿಗೆ ಕಾಣುವುದಿಲ್ಲ. ಜಾಗ ಹುಡುಕುವುದಕ್ಕೆ ಹತ್ತಿರದ ಒಂದು ಬಂಡೆ, ದೂರದ ಒಂದು ಶಿಖರ ಇಟ್ಟುಕೊಂಡು ಎರಡೂ ಹಳೇ ಫೋಟೋದಲ್ಲಿ ಇದ್ದ ಹಾಗೇ ಒಂದರ ಮೇಲೊಂದು ಬರುವವರೆಗೆ ಆಚೀಚೆ ಸರಿಯಬೇಕು. ನೆರಳು ಯಾವ ಕಡೆ ಬಿದ್ದಿದೆ ನೋಡಿದರೆ ಅವನು ಎಷ್ಟು ಹೊತ್ತಿಗೆ ತೆಗೆದ ಅಂತಲೂ ಅಂದಾಜಾಗುತ್ತದೆ. ಮೊದಲು ವಿಕ್‌ಗೆ ಹೋಗೋಣ ಅಂತ ನನ್ನ ಆಸೆ, ನಿನಗೆ ಕೋಟೆಯೇ ಬೇಕು ಅಂದರೆ ಹೋಗುವಾಗಲೇ ನೋಡಿಕೊಂಡು ಹೋಗಬಹುದು, ಸುತ್ತು ದಾರಿ, ಪರವಾಗಿಲ್ಲ. ನಿನ್ನ ಆ ದಪ್ಪ ಲೆನ್ಸ್ ಬೇಡ, ಅಗಲದ್ದು ತಾ. ಮಳೆಗೆ ಕೊಡೆ ಮಾತ್ರ ತರಬೇಡ, ಇಲ್ಲಿಯ ಗಾಳಿಗೆ ಅದು ಹತ್ತು ನಿಮಿಷ ನಿಲ್ಲುವುದಿಲ್ಲ.

ಅಮ್ಮನಿಗೆ ನಮಸ್ಕಾರ ಹೇಳು. ವೀಸಾ ಕಾಗದಕ್ಕೆ ಏನು ಬೇಕು ಅಂತ ಬೇರೆಯಾಗಿ ಬರೆಯುತ್ತೇನೆ.

ನಿನ್ನ,
ರಘು